ಎರಡು ಬಾಗಿಲಿನ ಕಾರು

ಕಾರು ಬಂದ ದಿನ ತಸ್ಸಾದಿತ್ ನಾಲ್ಕು ಮಹಡಿ ಇಳಿದು ಬಂದಳು. ಲಿಫ್ಟ್ ಕೆಟ್ಟು ಯಾವ ಕಾಲವಾಗಿತ್ತೋ. ಒಂದು ಕೈ ಗೋಡೆಗೆ, ಒಂದು ಕೈ ಮೊಮ್ಮಗಳು ಮಾಯ್ಸಾಳ ಹೆಗಲಿಗೆ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಮಂಡಿಯನ್ನು ಬೈಯುತ್ತಾ ಕೆಳಗಿಳಿದಳು. ಕಟ್ಟಡದ ಮುಂದೆ ಇಟಲಿ ಕಂಪನಿಯ ಪುಟ್ಟ ಕಾರು ನಿಂತಿತ್ತು. ತಿಳಿ ಹಸಿರು ಬಣ್ಣ, ದುಂಡನೆಯ ದೀಪ. ಸೊಸೆ ಹಸೀಬಾ ಪಕ್ಕದಲ್ಲಿ ನಿಂತು ಬಟ್ಟೆಯಿಂದ ಬಾನೆಟ್ಟು ಒರೆಸುತ್ತಿದ್ದಳು. ಮಗ ಅರೆಜ್ಕಿ ಕೈ ಹಿಂದೆ ಕಟ್ಟಿಕೊಂಡು ದೂರದಿಂದಲೇ ನೋಡುತ್ತಿದ್ದ.

ತಸ್ಸಾದಿತ್ ಕಾರಿನ ಸುತ್ತ ಒಂದು ಸಲ ನಡೆದಳು. ಇನ್ನೊಂದು ಸಲ ನಡೆದಳು. ಆಮೇಲೆ ಪಕ್ಕದ ತಗಡನ್ನು ಅಂಗೈಯಿಂದ ಸವರಿದಳು.

"ಹಿಂದಿನ ಬಾಗಿಲೆಲ್ಲಿ?"

"ಇದಕ್ಕೆ ಎರಡೇ ಬಾಗಿಲು, ಯಮ್ಮಾ," ಎಂದಳು ಹಸೀಬಾ. "ಮುಂದಿನ ಸೀಟು ಮಡಚಿ ಹಿಂದೆ ಹೋಗೋದು."

"ಮಡಚೋದಾ? ಯಾರು ಮಡಚೋದು? ನನ್ನನ್ನಾ?"

ಮಾಯ್ಸಾ ನಕ್ಕಳು. ಅರೆಜ್ಕಿ ನಗಲಿಲ್ಲ. "ಸಣ್ಣ ಗಾಡಿ ಯಮ್ಮಾ. ಪೆಟ್ರೋಲ್ ಕಮ್ಮಿ ಕುಡಿಯುತ್ತೆ. ಈ ಬೂಝರೆಯಾ ಗುಡ್ಡದಲ್ಲಿ ದೊಡ್ಡ ಗಾಡಿ ಎಲ್ಲಿ ನಿಲ್ಲಿಸೋಕಾಗುತ್ತೆ ಹೇಳು," ಎಂದ. ಹೆಂಡತಿ ತನಗೆ ಹೇಳಿದ ಮಾತನ್ನೇ ಅವನು ಒಪ್ಪಿಸುತ್ತಿದ್ದ.

ಅವರ ಹಳೆಯ ಕಾರು ದೊಡ್ಡದು, ಐದು ಜನ ಕಾಲು ಚಾಚಿ ಕೂರುವಂಥದ್ದು. ಚಳಿಗಾಲದ ಶುರುವಿನಲ್ಲಿ ಅದರ ಎಂಜಿನ್ನು ಪೂರ್ತಿ ಕೈಕೊಟ್ಟಿತು. ಹಸೀಬಾ ಮದುವೆಯಲ್ಲಿ ಬಂದ ಬಂಗಾರದ ಡಾಬು ಮಾರಿ, ಸಮುದ್ರದಾಚೆ ಮಾರ್ಸೇ ಊರಿನಲ್ಲಿರುವ ಅಣ್ಣ ನದೀರನ ಕೈಯಲ್ಲಿ ಈ ಕಾರು ಕೊಳ್ಳಿಸಿ ಹಡಗಿಗೆ ಹಾಕಿಸಿದ್ದಳು. ಬಂದರಿನಲ್ಲಿ ಅದನ್ನು ಬಿಡಿಸಿಕೊಳ್ಳಲು ಓಡಾಡಿದವಳೂ ಅವಳೇ. ಕಾನೂನಿನ ಪ್ರಕಾರ ಹೀಗೆ ತರಿಸಿದ ಗಾಡಿಯನ್ನು ಕೆಲವು ವರ್ಷ ಮಾರುವ ಹಾಗಿರಲಿಲ್ಲ.

ಆ ಮನೆಯಲ್ಲಿ ಕಾರು ಓಡಿಸುವವಳು ಹಸೀಬಾ ಒಬ್ಬಳೇ. ಐದಾರು ವರ್ಷದ ಕೆಳಗೆ ಒಂದು ಮಳೆಯ ದಿನ ಅರೆಜ್ಕಿ ಇಳಿಜಾರಿನಲ್ಲಿ ಕಾರು ಜಾರಿಸಿ ಹಾಲಿನಂಗಡಿಯ ಷಟರ್‌ಗೆ ಗುದ್ದಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿಂದ ಅವನು ಸ್ಟೀರಿಂಗ್ ಮುಟ್ಟಲಿಲ್ಲ. ಯಾರಾದರೂ ಕೇಳಿದರೆ, "ನನಗೆ ಕಣ್ಣು ಸರಿಯಿಲ್ಲ," ಎನ್ನುತ್ತಿದ್ದ. ಹಸೀಬಾ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಅವನ ಕಣ್ಣನ್ನು ಅವಳೇ ಕೂರಿಸಿ ಪರೀಕ್ಷೆ ಮಾಡಿಸಿದ್ದಳು. ಕಣ್ಣಿಗೆ ಏನೂ ಆಗಿರಲಿಲ್ಲ.

ಬೆಳಿಗ್ಗೆ ಮಗಳನ್ನು ಶಾಲೆಗೆ, ಗಂಡನನ್ನು ನೀರು ಸರಬರಾಜು ಕಚೇರಿಗೆ ಬಿಟ್ಟು ಅವಳು ಅಂಗಡಿಗೆ ಹೋಗಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅತ್ತೆಯನ್ನು ಮಂಡಿಯ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಸಂಜೆ ಗಂಡ ಕಾಫಿ ಅಂಗಡಿಯಲ್ಲಿ ಡಾಮಿನೋ ಆಡುತ್ತಾ ಇವಳ ಹಾರ್ನಿಗೆ ಕಾಯುತ್ತಾ ಕೂತಿರುತ್ತಿದ್ದ. ಶುಕ್ರವಾರ ಬಂತೆಂದರೆ ಅತ್ತೆಯ ಜೊತೆ ನಗರದ ಆ ತುದಿಯ ಕೂಬಾಕ್ಕೆ ಹೋಗಿ, ನಾದಿನಿ ಫರೂಜಾ ಮತ್ತು ಅವಳ ಮೂರು ಮಕ್ಕಳನ್ನು ಹೇರಿಕೊಂಡು ಬಂದು, ಎಲ್ಲರಿಗೂ ಗೋಧಿ ರವೆಯ ಕುಸ್‌ಕುಸ್ ಬೇಯಿಸಿ, ಬಡಿಸಿ, ಪಾತ್ರೆ ತೊಳೆದು, ಸಂಜೆ ಮತ್ತೆ ಅವರನ್ನು ಬಿಟ್ಟು ಬರಬೇಕು.

ಹೊಸ ಕಾರಿನ ಮೊದಲ ಶುಕ್ರವಾರವೂ ತಸ್ಸಾದಿತ್ ಸ್ನಾನ ಮಾಡಿ, ಶಾಲು ಹೊದ್ದು ತಯಾರಾದಳು.

"ಫರೂಜಾ ಕಾಯ್ತಿರ್ತಾಳೆ. ನಡಿ."

"ಅವರೆಲ್ಲ ಹಿಡಿಯಲ್ಲ ಯಮ್ಮಾ. ಹಿಂದೆ ಇಬ್ಬರಿಗೆ ಮಾತ್ರ ಜಾಗ."

"ಮಕ್ಕಳು ತಾನೆ? ತೊಡೆ ಮೇಲೆ ಕೂತ್ಕೋತಾವೆ."

ಹಸೀಬಾ ಕೀಲಿ ತೆಗೆದುಕೊಂಡಳು.

ಮುಂದಿನ ಸೀಟು ನೆಲಕ್ಕೆ ತಾಗಿದಂತೆ ಕೆಳಗಿತ್ತು. ಕೂರುವಾಗ ತಸ್ಸಾದಿತ್ ಧೊಪ್ಪನೆ ಬಿದ್ದಳು. ದಾರಿಯುದ್ದಕ್ಕೂ, "ರಸ್ತೆ ನನ್ನ ಸೊಂಟದ ಕೆಳಗೇ ಓಡ್ತಿದೆ," ಎಂದು ಗೊಣಗಿದಳು. ಕೂಬಾದಲ್ಲಿ ಫರೂಜಾ ಮೂರು ಮಕ್ಕಳು, ಎರಡು ಚೀಲ, ಒಂದು ತಟ್ಟೆ ಮಕ್ರೂದ್ ಸಿಹಿಯೊಂದಿಗೆ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಹತ್ತಬೇಕಾದರೆ ಮುಂದಿನ ಸೀಟು ಮಡಚಬೇಕು. ಡ್ರೈವರ್ ಕಡೆ ಗಾಡಿಗಳು ಒಂದೇ ಸಮನೆ ಓಡುತ್ತಿದ್ದವು; ಈ ಕಡೆಯ ಸೀಟು ಮಡಚಬೇಕಾದರೆ ತಸ್ಸಾದಿತ್ ಇಳಿಯಬೇಕು. ತಸ್ಸಾದಿತ್‌ಗೆ ಇಳಿಯಲು ಆಗಲಿಲ್ಲ.

ಹಸೀಬಾ ಕೈ ಹಿಡಿದು ಎಳೆದಳು. ಫರೂಜಾ ಒಳಗೆ ಬಗ್ಗಿ ಬೆನ್ನು ನೂಕಿದಳು. ಮುದುಕಿ ಅರ್ಧ ಎದ್ದು ಮತ್ತೆ ಬಿದ್ದಳು. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಬಗ್ಗಿ ನೋಡಿದರು. ಯಾರೋ ಕಿಸಕ್ಕೆಂದರು. ಕೊನೆಗೆ ಮಸೀದಿಗೆ ಹೊರಟಿದ್ದ ಅಪರಿಚಿತನೊಬ್ಬ ಬಂದು, "ಕ್ಷಮಿಸಿ ತಾಯಿ," ಎನ್ನುತ್ತಾ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದ. ತಸ್ಸಾದಿತ್‌ಳ ಶಾಲು ಜಾರಿ ನೆಲಕ್ಕೆ ಬಿದ್ದಿತ್ತು. ಅವಳ ಮುಖ ಕೆಂಪಾಗಿತ್ತು.

"ಎಷ್ಟು ಚೆಂದದ ಗಾಡಿ ತಂದಿದ್ದೀಯ ಅತ್ತಿಗೆ," ಎಂದಳು ಫರೂಜಾ. "ನಾವು ಮನೆಯಲ್ಲೇ ಇರ್ತೀವಿ ಬಿಡು."

ಆ ಶುಕ್ರವಾರ ಕುಸ್‌ಕುಸ್ ಉಳಿಯಿತು. ತಸ್ಸಾದಿತ್ ಮನೆಗೆ ಬಂದವಳೇ, "ಇನ್ನು ನಾನು ಆ ಡಬ್ಬಿಯಲ್ಲಿ ಕೂರಲ್ಲ," ಎಂದು ಕೋಣೆ ಸೇರಿದಳು.

ಮರುದಿನದಿಂದ ಅವಳು ಎಲ್ಲರ ಜೊತೆ ಮೇಜಿಗೆ ಬರುವುದನ್ನೂ ಬಿಟ್ಟಳು. ಊಟದ ಹೊತ್ತಿಗೆ ಅಡುಗೆಮನೆಗೆ ಬಂದು, ತಾನೇ ಬಟ್ಟಲಿಗೆ ಸಾರು ಬಡಿಸಿಕೊಂಡು, ಒಂದು ತುಂಡು ರವೆ ರೊಟ್ಟಿ ಹಿಡಿದು ಕೋಣೆಗೆ ಹೋಗುತ್ತಿದ್ದಳು. ಹಸೀಬಾಳ ಜೊತೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಮಾಯ್ಸಾಳ ಮೂಲಕ.

"ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪಿಲ್ಲ."

"ಅಮ್ಮ ಇಲ್ಲೇ ಇದಾಳಲ್ಲ ಅಜ್ಜಿ."

"ಇರಲಿ. ಹೇಳು."

ಮಂಡಿಯ ವ್ಯಾಯಾಮಕ್ಕೂ ಹೋಗಲಿಲ್ಲ. ಅರೆಜ್ಕಿ ಟ್ಯಾಕ್ಸಿ ಕರೆಯುತ್ತೇನೆಂದ. ಟ್ಯಾಕ್ಸಿಯವನು ಕಟ್ಟಡದವರೆಗೆ ಬರಲು ಒಪ್ಪಲಿಲ್ಲ. ತಿರುವಿನವರೆಗೆ ನಡೆಯಲು ಇವಳು ಒಪ್ಪಲಿಲ್ಲ. ಕೆಳಗಿನ ಮನೆಯ ಹೆಂಗಸು ಹಾಲು ಕೊಡಲು ಬಂದಾಗ ಇಡೀ ಮನೆಗೆ ಕೇಳುವಂತೆ, "ನನಗೇನಮ್ಮ, ನನ್ನನ್ನ ಈಗ ನಾಲ್ಕನೇ ಮಹಡಿಯಲ್ಲೇ ಕಟ್ಟಿಹಾಕಿದಾರೆ," ಎಂದಳು.

ಅರೆಜ್ಕಿಗೆ ಎರಡೂ ಕಡೆಯಿಂದ ಏಟು. ಒಂದು ಸಂಜೆ ಹಸೀಬಾ ಸಿಂಕಿನ ಮುಂದೆ ಬಾಣಲೆ ಉಜ್ಜುತ್ತಿದ್ದಾಗ ಬಂದು ನಿಂತ.

"ನದೀರನಿಗೆ ಫೋನ್ ಮಾಡಿ ಕೇಳು. ಬದಲಾಯಿಸೋಕಾಗುತ್ತಾ ಅಂತ."

"ಇದೇನು ಚಪ್ಪಲಿಯಾ, ಅಳತೆ ಸರಿಯಿಲ್ಲ ಅಂತ ವಾಪಸ್ ಕೊಡೋಕೆ?"

"ಯಮ್ಮಾ ಊಟ ಬಿಟ್ಟಿದಾಳೆ."

"ಬಿಟ್ಟಿಲ್ಲ. ಕೋಣೆಯಲ್ಲಿ ತಿಂತಿದಾಳೆ. ಬಟ್ಟಲು ತೊಳೆಯೋಳು ನಾನು, ನನಗೆ ಗೊತ್ತು."

"ನಿನಗೆ ಏನೂ ಅನ್ಸಲ್ವಾ?"

ಹಸೀಬಾ ಬಾಣಲೆಯನ್ನು ಜೋರಾಗಿ ಕವುಚಿಟ್ಟಳು. "ನಾಳೆ ಬೆಳಿಗ್ಗೆ ಯಾವ ಹೊತ್ತಿಗೆ ಬಿಡಬೇಕು ನಿನ್ನನ್ನ? ಅದು ಹೇಳು ಸಾಕು."

ಮುಂದಿನ ಶುಕ್ರವಾರ ಅರೆಜ್ಕಿ ತಾಯಿಯ ಕಾಲು ಹಿಡಿದಷ್ಟು ಮಾಡಿ ಅವಳನ್ನು ಮೇಜಿಗೆ ಕರೆತಂದ. ಕುಸ್‌ಕುಸ್‌ನ ದೊಡ್ಡ ತಟ್ಟೆ ನಡುವೆ, ಸುತ್ತ ಮಜ್ಜಿಗೆಯ ಲೋಟಗಳು. ತಸ್ಸಾದಿತ್ ತನ್ನ ಎದುರಿನ ಗುಡ್ಡೆಯನ್ನು ಚಮಚದಿಂದ ಕೆದಕುತ್ತಾ ಕೂತಳು.

"ಫರೂಜಾ ಹಸಿದಿರ್ತಾಳೆ," ಎಂದಳು ಗಾಳಿಗೆ.

"ಅವಳ ಮನೆಯಲ್ಲಿ ಒಲೆ ಇಲ್ವಾ?" ಎಂದಳು ಹಸೀಬಾ.

"ಹಸೀಬಾ!" ಎಂದ ಅರೆಜ್ಕಿ. ತಾಯಿಯ ಕಡೆ ತಿರುಗಿ, "ಯಮ್ಮಾ, ಬೇರೆ ಕಾರು ಸಿಗಲಿಲ್ಲ ಅವಳಿಗೆ. ಇದ್ದದ್ದೇ ಇದು. ಇವಳೇನು ಬೇಕಂತ ಮಾಡಿದ್ಲಾ?"

ಮಾಯ್ಸಾ ಬಾಯಲ್ಲಿ ಕಡಲೆ ಇಟ್ಟುಕೊಂಡೇ, "ಸಿಕ್ಕಿತ್ತಲ್ಲ," ಎಂದಳು. "ನದೀರ್ ಮಾವ ಎರಡು ಕಾರಿನ ಫೋಟೊ ಕಳಿಸಿದ್ದ. ಇನ್ನೊಂದಕ್ಕೆ ನಾಲ್ಕು ಬಾಗಿಲಿತ್ತು. ಬಿಳಿಯದು. ರೇಟೂ ಅಷ್ಟೇ. ನಾನು ಅದೇ ಚೆನ್ನಾಗಿದೆ ಅಂದೆ, ಅಮ್ಮ ಬೇಡ ಅಂದ್ಲು."

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂದು ಹೊಳೆಯಿತು. ಕಡಲೆ ನುಂಗಿದಳು.

ಅರೆಜ್ಕಿ ಹೆಂಡತಿಯನ್ನು ನೋಡಿದ. "ನಿಜಾನಾ?"

"ನಿಜ."

"ಯಾಕೆ?"

"ಯಾಕೆ ಅಂದ್ರೆ?" ಹಸೀಬಾಳ ಧ್ವನಿ ಮೊದಲು ಸಣ್ಣಗೇ ಇತ್ತು. "ನಾಲ್ಕು ಬಾಗಿಲಿದ್ರೆ ನಾಲ್ಕೂ ತೆಗೀತಾರೆ, ಅದಕ್ಕೆ. ವಾರದಲ್ಲಿ ಒಂದು ದಿನ, ಒಂದೇ ಒಂದು ದಿನ ನನಗೆ ರಜ. ಆ ದಿನ ನಾನು ಬಸ್ ಡ್ರೈವರು, ಅಡುಗೆಯವಳು, ಪಾತ್ರೆ ತೊಳೆಯೋಳು, ಮತ್ತೆ ಬಸ್ ಡ್ರೈವರು. ಹಳೇ ಕಾರು ಸತ್ತ ಮೇಲೆ ಮೂರು ತಿಂಗಳು ಶುಕ್ರವಾರ ಕಾಲು ನೀಡಿ ಕೂತಿದ್ದೆ. ಎಷ್ಟು ಸುಖವಾಗಿತ್ತು ಗೊತ್ತಾ? ನನ್ನ ಡಾಬು ಮಾರಿ ಮತ್ತೆ ಅದೇ ಚಾಕರಿ ಕೊಂಡ್ಕೊಬೇಕಿತ್ತಾ? ಕೊಳ್ಳಲಿಲ್ಲ."

"ಒಂದು ಮಾತು ಹೇಳಬಹುದಿತ್ತು," ಎಂದ ಅರೆಜ್ಕಿ.

"ಹೇಳಲಿಲ್ವಾ? ಐದು ವರ್ಷದಿಂದ ಹೇಳ್ತಿದ್ದೀನಿ, ಒಂದು ದಿನ ನೀನು ಓಡಿಸು ಅಂತ. ನೀನು ಕಣ್ಣು ಉಜ್ಜಿಕೋತೀಯ."

ತಸ್ಸಾದಿತ್ ಚಮಚ ಕೆಳಗಿಟ್ಟಳು. ಬಹಳ ದಿನದ ಮೇಲೆ ಅವಳು ನೇರವಾಗಿ ಸೊಸೆಯ ಮುಖ ನೋಡಿದಳು.

"ನನ್ನನ್ನ ಹೊತ್ತು ತಿರುಗೋಕೆ ಬೇಜಾರಾಗಿದ್ರೆ, ಯಮ್ಮಾ ಸಾಕು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ನೀನು ಹೇಳಲಿಲ್ಲ. ಆ ತಗಡಿನ ಡಬ್ಬಿ ಕೈಯಲ್ಲಿ ಹೇಳಿಸಿದೆ. ಬೀದಿಯಲ್ಲಿ, ಎಲ್ಲರ ಮುಂದೆ."

ಹಸೀಬಾ ಅಂದುಕೊಂಡಿದ್ದು ಫರೂಜಾ ಮತ್ತು ಮಕ್ಕಳಿಗೆ ಜಾಗವಿರಬಾರದು ಎಂದಷ್ಟೇ. ಮುದುಕಿಯ ಮಂಡಿಯ ಯೋಚನೆಯೇ ಬಂದಿರಲಿಲ್ಲ. ಈಗ ಅದನ್ನು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಅವಳು ಎದ್ದು, ಕೊಕ್ಕೆಯಿಂದ ಕಾರಿನ ಕೀಲಿ ತಂದು ಮೇಜಿನ ನಡುವೆ, ಮಜ್ಜಿಗೆಯ ಜಗ್ಗಿನ ಪಕ್ಕ ಇಟ್ಟಳು.

"ಇವತ್ತಿಂದ ನಾನು ಓಡಿಸಲ್ಲ. ಯಾರನ್ನೂ. ಯಾರಿಗೆ ಬೇಕೋ ಅವರು ತಗೊಳ್ಳಿ."

ಎಲ್ಲರೂ ಇದು ಎರಡು ದಿನದ ಕೋಪ ಎಂದುಕೊಂಡರು. ಆದರೆ ಹಸೀಬಾ ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ ಹೋದಳು. ಬಸ್ಸು ತುಂಬಿ ಬಂದರೆ ಮುಂದಿನದಕ್ಕೆ ಕಾದಳು. ಎರಡು ಸಲ ಅಂಗಡಿಗೆ ತಡವಾಗಿ ಯಜಮಾನನ ಹತ್ತಿರ ಬೈಸಿಕೊಂಡಳು. "ಕಾರು ತಗೊಂಡೆ ಅಂದ್ರಲ್ಲ ಮೇಡಂ?" ಎಂದು ಅವನು ಕೇಳಿದ್ದಕ್ಕೆ, "ತಗೊಂಡೆ, ನೋಡೋಕೆ," ಎಂದಳು. ಅರೆಜ್ಕಿ ಗುಡ್ಡ ಇಳಿದು ನಡೆದೇ ಹೋದ. ಸಂಜೆ ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಬಂದು ಟಿ.ವಿ. ಮುಂದೆ ಕೂತ. ಮಾಯ್ಸಾ ಗೆಳತಿಯ ಅಪ್ಪನ ಕಾರಿನಲ್ಲಿ ಶಾಲೆಗೆ ಹೋಗತೊಡಗಿದಳು. "ಪ್ರತಿದಿನ ಕೇಳೋಕೆ ನಾಚಿಕೆಯಾಗುತ್ತೆ. ಕೆಳಗೆ ಹೊಸ ಕಾರು ನಿಂತಿದೆ, ನಾನು ಇನ್ನೊಬ್ಬರ ಕಾರಿಗೆ ಕಾಯ್ತೀನಿ. ಹುಚ್ಚರ ಮನೆ ಇದು," ಎಂದು ಬಾಗಿಲು ಬಡಿದಳು.

ಕಾರು ಇದ್ದಲ್ಲೇ ಇತ್ತು. ಮರಳುಗಾಳಿ ಬೀಸಿ ಅದರ ಮೇಲೆ ಕಂದು ಧೂಳು ಕೂತಿತು. ಮಕ್ಕಳು ಗಾಜಿನ ಮೇಲೆ ಬೆರಳಿಂದ ತಮ್ಮ ತಮ್ಮ ಫುಟ್‌ಬಾಲ್ ತಂಡಗಳ ಹೆಸರು ಬರೆದರು. ಬೀದಿಯಲ್ಲಿ ಕೋಲು ಹಿಡಿದು ಗಾಡಿ ನಿಲ್ಲಿಸುವ ಕೆಲಸ ಮಾಡುವ ಲಖ್ದರ್ ಅರೆಜ್ಕಿಯನ್ನು ತಡೆದ.

"ಅಣ್ಣಾ, ಆ ಗಾಡಿ ಸತ್ತಿದ್ಯಾ, ಬದುಕಿದ್ಯಾ? ಸತ್ತಿದ್ರೆ ಹೇಳು, ಜಾಗ ಬೇರೆಯವರಿಗೆ ಕೊಡ್ತೀನಿ."

"ಬದುಕಿದೆ."

"ಹಂಗಾದ್ರೆ ಒಂಚೂರು ಅಲ್ಲಾಡಿಸು. ಜನ ನನ್ನ ಬೈತಾರೆ."

ಅರೆಜ್ಕಿ ಅಲ್ಲಾಡಿಸಲಿಲ್ಲ. ಮೇಜಿನ ಮೇಲಿನ ಕೀಲಿಯನ್ನು ಊಟದ ಹೊತ್ತಿಗೆ ಪಕ್ಕಕ್ಕೆ ಸರಿಸುವುದು, ಒರೆಸುವಾಗ ಎತ್ತಿ ಮತ್ತೆ ಅಲ್ಲೇ ಇಡುವುದು, ಇಷ್ಟೇ ನಡೆಯಿತು.

ಇನ್ನೆರಡು ಶುಕ್ರವಾರ ಹೀಗೇ ಕಳೆದವು. ಮೂರನೆಯ ಶುಕ್ರವಾರ ನಮಾಜಿನ ಹೊತ್ತು ಮುಗಿಯುತ್ತಿದ್ದಂತೆ ಬಾಗಿಲು ತಟ್ಟಿದ ಸದ್ದಾಯಿತು. ಫರೂಜಾ. ಕಂಕುಳಲ್ಲಿ ಚಿಕ್ಕ ಮಗು; ಉಳಿದಿಬ್ಬರನ್ನು ಗಂಡನ ಹತ್ತಿರ ಬಿಟ್ಟಿದ್ದಳು. ಎರಡು ಬಸ್ಸು ಬದಲಾಯಿಸಿ, ಗುಡ್ಡ ಹತ್ತಿ, ನಾಲ್ಕು ಮಹಡಿ ಹತ್ತಿ ಬಂದಿದ್ದಳು. ಕೂರುವ ಮೊದಲೇ ಶುರು ಮಾಡಿದಳು.

"ಏನಮ್ಮಾ ಇದು? ದಿನಾ ಫೋನ್ ಮಾಡಿ ಅಳ್ತೀಯ. ನನ್ನನ್ನ ಕೂಡಿ ಹಾಕಿದಾರೆ, ನಿನ್ನನ್ನ ನೋಡೋಕೆ ಬಿಡಲ್ಲ ಅಂತ. ನನ್ನ ಗಂಡ ನನ್ನ ಕೇಳ್ತಾರೆ, ನಿಮ್ಮ ಮನೆಯಲ್ಲಿ ಏನು ಗಲಾಟೆ ಅಂತ. ನಾನೇನು ಹೇಳಲಿ, ಕಾರಿಗೆ ಬಾಗಿಲು ಕಮ್ಮಿ ಅಂತಾನಾ?"

"ನಿನಗೋಸ್ಕರ ಅಲ್ವೇನೇ ನಾನು ಒದ್ದಾಡೋದು," ಎಂದಳು ತಸ್ಸಾದಿತ್. "ಶುಕ್ರವಾರ ಒಂದು ದಿನ ನೀನು ಬಂದು ಹೊಟ್ಟೆ ತುಂಬ ಉಂಡು ಹೋಗ್ಲಿ ಅಂತ."

"ನಾನು ಕೇಳಿದ್ನಾ?" ಫರೂಜಾ ಮಗುವನ್ನು ಮಾಯ್ಸಾಳ ಕೈಗೆ ಕೊಟ್ಟಳು. "ಶುಕ್ರವಾರ ನನ್ನ ಗಂಡನೂ ಮನೆಯಲ್ಲಿರ್ತಾರೆ. ವಾರವೆಲ್ಲ ಕಾದಿದ್ದು ಅವರು ಒಬ್ಬರೇ ಉಣ್ಣಬೇಕು. ಪ್ರತಿ ಶುಕ್ರವಾರ ಬೆಳಿಗ್ಗೆ ಜಗಳ. ನೀನು ಗಾಡಿ ತಗೊಂಡು ಬಂದು ಬಾಗಿಲಲ್ಲಿ ಹಾರ್ನ್ ಹೊಡೆಸಿದ್ರೆ ನಾನು ಬರಲ್ಲ ಅನ್ನೋಕಾಗುತ್ತಾ? ಬರ್ತಿದ್ದೆ. ಹಳೇ ಕಾರು ಕೆಟ್ಟಾಗಿನಿಂದ ನನ್ನ ಮನೆ ಎಷ್ಟು ತಣ್ಣಗಿದೆ ಅಂದ್ರೆ…"

ಅವಳು ಅಲ್ಲಿಗೇ ನಿಲ್ಲಿಸಿದಳು. ತಡವಾಗಿತ್ತು.

ತಸ್ಸಾದಿತ್ ಸೋಫಾದ ಮೂಲೆಯಲ್ಲಿ ಕೂತು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಹಾಗಾದ್ರೆ ನನ್ನ ನೋಡೋದು ಯಾರಿಗೂ ಬೇಕಿಲ್ಲ," ಎಂದಳು. ಈ ಸಲ ಅವಳ ಧ್ವನಿಯಲ್ಲಿ ದೂರು ಇರಲಿಲ್ಲ.

"ಹಾಗಲ್ಲ ಯಮ್ಮಾ," ಎಂದಳು ಫರೂಜಾ. "ಹದಿನೈದು ದಿನಕ್ಕೊಮ್ಮೆ ನೀನೇ ಬಾ. ಬೇರೆ ಯಾವ ದಿನವಾದರೂ. ನಾನೇ ಮಾಡಿ ಹಾಕ್ತೀನಿ."

"ಯಾರು ಕರ್ಕೊಂಡು ಬರ್ತಾರೆ? ನೀನು ಬರ್ತೀಯ, ಬಸ್ ಹತ್ತಿ?"

ಮಗು ಮೇಜಿನ ಮೇಲಿದ್ದ ಕೀಲಿಗೆ ಕೈ ಚಾಚಿತು. ಮಾಯ್ಸಾ ಅದನ್ನು ದೂರ ಸರಿಸಿದಳು. ತಸ್ಸಾದಿತ್ ಆ ಕೀಲಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಲ್ಕನಿಯ ಬಾಗಿಲಲ್ಲಿ ಸಿಗರೇಟು ಹಿಡಿದು ನಿಂತಿದ್ದ ಮಗನನ್ನು ಕರೆದಳು.

"ಅರೆಜ್ಕಿ. ಅವತ್ತು ಹಾಲಿನಂಗಡಿಗೆ ಗುದ್ದಿದಾಗ ನಿನಗೆ ಎಲ್ಲಿ ಪೆಟ್ಟಾಯ್ತು?"

"ಎಲ್ಲೂ ಇಲ್ಲ. ಈಗ್ಯಾಕೆ ಅದು?"

"ಅಂಗಡಿಯವನಿಗೆ?"

"ಅವನಿಗೂ ಇಲ್ಲ."

"ಮತ್ತೆ?"

ಅರೆಜ್ಕಿ ಸಿಗರೇಟು ನಂದಿಸಿದ. "ಹೆದರಿಕೆ ಆಯ್ತು ಯಮ್ಮಾ," ಎಂದ. ಐದು ವರ್ಷದಲ್ಲಿ ಅವನು ಆ ಮಾತನ್ನು ಆ ಮನೆಯಲ್ಲಿ ಹೇಳಿದ್ದು ಅದೇ ಮೊದಲು. "ಅಂಗಡಿ ಮುಂದೆ ಯಾವಾಗಲೂ ಮಕ್ಕಳು ನಿಂತಿರ್ತಾವೆ. ಅವತ್ತು ಮಳೆ ಅಂತ ಇರಲಿಲ್ಲ, ಅಷ್ಟೇ."

ಹಸೀಬಾ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೆ ಮರುಕವೂ ಬಂತು, ಸಿಟ್ಟೂ ಬಂತು. ಇಷ್ಟು ಹೇಳಲು ಇವನಿಗೆ ಐದು ವರ್ಷ ಬೇಕಾಯಿತೆ?

"ಅವತ್ತು 'ಬೇಡ ಬಿಡು ಮಗಾ, ಅವಳು ಓಡಿಸ್ತಾಳೆ' ಅಂದೋಳು ನಾನೇ," ಎಂದಳು ತಸ್ಸಾದಿತ್. "ನನಗೂ ಅದೇ ಸುಲಭವಾಗಿತ್ತು. ಕೀಲಿ ತಗೊ. ಫರೂಜಾನ ಮನೆಗೆ ಬಿಡು. ನಾನೂ ಬರ್ತೀನಿ."

"ಇವತ್ತಾ?"

"ಮಗು ಎತ್ತಿಕೊಂಡು ಅವಳು ಮತ್ತೆ ಎರಡು ಬಸ್ಸು ಹತ್ತಬೇಕಾ?"

ಅರೆಜ್ಕಿ ಹೆಂಡತಿಯ ಕಡೆ ನೋಡಿದ. ಹಸೀಬಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಏನಾದರೂ ಅಂದರೆ ತಾನೇ ಕೀಲಿ ಎತ್ತಿಕೊಂಡುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಕೆಳಗೆ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಬಾಲ್ಕನಿಗೆ ಬಂದಳು. ಧೂಳು ಹಿಡಿದ ಕಾರು ಎರಡು ಸಲ ಕೆಮ್ಮಿ ಚಾಲೂ ಆಯಿತು. ಲಖ್ದರ್ ಕೋಲು ಬೀಸಿ ದಾರಿ ಮಾಡಿದ. ಕಾರು ಕಪ್ಪೆಯಂತೆ ಹಾರಿ ರಸ್ತೆಗೆ ಬಂದು, ತಿರುವಿನ ಏರಿನಲ್ಲಿ ಅಡ್ಡವಾಗಿ ನಿಂತು ಆಫ್ ಆಯಿತು. ಹಿಂದೆ ಒಂದು ವ್ಯಾನು, ಅದರ ಹಿಂದೆ ಬಸ್ಸು. ಹಾರ್ನುಗಳು ಒಟ್ಟಿಗೆ ಶುರುವಾದವು. ಯಾರೋ ಅರೆಜ್ಕಿಯ ಅಪ್ಪನ ಹೆಸರೆತ್ತಿ ಬೈದರು.

"ಅಮ್ಮಾ, ಹೋಗು," ಎಂದಳು ಮಾಯ್ಸಾ. "ಅಪ್ಪ ಅಲ್ಲೇ ಸತ್ತುಹೋಗ್ತಾನೆ."

ಹಸೀಬಾಳ ಎಡಗಾಲು ತಾನಾಗಿಯೇ ಕ್ಲಚ್ ತುಳಿಯುವಂತೆ ಬಾಲ್ಕನಿಯ ನೆಲವನ್ನು ಒತ್ತುತ್ತಿತ್ತು. "ಹೋಗಲ್ಲ," ಎಂದಳು.

ಕಾರು ಇನ್ನೂ ಎರಡು ಸಲ ಆಫ್ ಆಯಿತು. ಆಮೇಲೆ ಹೇಗೋ ಏರು ಹತ್ತಿ ಮರೆಯಾಯಿತು.

ಸಂಜೆ ಫೋನು ಬಂತು. ಅರೆಜ್ಕಿ.

"ತಲುಪಿದ್ವಿ. ಯಾರಿಗೂ ಏನೂ ಆಗಿಲ್ಲ."

"ಒಳ್ಳೇದು."

"ಹಸೀಬಾ, ನೋಡು, ವಾಪಸ್ ನನ್ನಿಂದ ಆಗಲ್ಲ. ನೀನು ಒಂದು ಬಸ್ ಹತ್ತಿ ಬಂದ್ಬಿಡು. ಬರ್ತಾ ನೀನು ಓಡಿಸು. ಇದೊಂದು ಸಲ."

ಹಸೀಬಾ ಕಣ್ಣು ಮುಚ್ಚಿಕೊಂಡಳು. ಚಪ್ಪಲಿ ಎಲ್ಲಿದೆ ಎಂದು ಆಗಲೇ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾದ ಸದ್ದಾಯಿತು.

"ನೀನು ಬರಬೇಡ," ಎಂದಳು ತಸ್ಸಾದಿತ್. "ಇವನಿಗೆ ಇವತ್ತು ಆಗದಿದ್ರೆ ನಾಳೆ ಓಡಿಸಲಿ. ಇಲ್ಲೇ ಮಲಗ್ತೀವಿ. ಫರೂಜಾಗೆ ತೊಂದರೆ ಆಗುತ್ತೆ, ಆಗಲಿ."

"ಆಗಲಿ ಯಮ್ಮಾ."

"ಮತ್ತೆ ನಾನು ನಿನ್ನ ಮೇಲಿನ ಸಿಟ್ಟು ಬಿಟ್ಟಿದ್ದೀನಿ ಅಂದ್ಕೋಬೇಡ. ಅದು ಬೇರೆ."

"ಗೊತ್ತು, ಯಮ್ಮಾ."

ಫೋನು ಕಟ್ಟಾಯಿತು. ತಾಯಿ ಮಗಳು ಉಳಿದ ಕುಸ್‌ಕುಸ್ ಬಿಸಿ ಮಾಡಿ ತಿಂದರು.

ಮಾರನೆಯ ದಿನ ಸಂಜೆ, ಹಸೀಬಾ ಅಂಗಡಿಯಿಂದ ಬಂದ ಮೇಲೆ, ಕಾರು ವಾಪಸ್ ಬಂತು. ಒಂದು ಕಡೆಯ ಕನ್ನಡಿ ಮುರಿದು ತಂತಿಯಲ್ಲಿ ನೇತಾಡುತ್ತಿತ್ತು. ಬಾಗಿಲಿನ ಉದ್ದಕ್ಕೂ ಬಿಳಿಯ ಗೀರು. ಬಾಲ್ಕನಿಯಿಂದ ನೋಡಿದ ಹಸೀಬಾಗೆ ತನ್ನ ಡಾಬು ನೆನಪಾಗಿ ಅಳು ಬರುವ ಹಾಗಾಯಿತು. ಅರೆಜ್ಕಿ ಎರಡು ಗಾಡಿಯ ಜಾಗಕ್ಕೆ ಅಡ್ಡಲಾಗಿ ಕಾರು ನಿಲ್ಲಿಸಿ ಇಳಿದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಲಖ್ದರ್ ಓಡಿ ಬಂದು ಕೋಲಿನಿಂದ ನೆಲ ಕುಟ್ಟಿದ. "ಅಣ್ಣಾ, ಇದೇನು ನಿಲ್ಲಿಸಿದ್ದಾ, ಬಿಸಾಕಿದ್ದಾ?"

ಅರೆಜ್ಕಿ ತಲೆಯೆತ್ತಿ ನಾಲ್ಕನೇ ಮಹಡಿಯ ಕಡೆ ಕೂಗಿದ. "ಹಸೀಬಾ! ಒಂದು ನಿಮಿಷ ಬಂದು ಇದನ್ನ ಸರಿಯಾಗಿ ಹಾಕಿ ಹೋಗೇ!"

ಕಾರಿನೊಳಗಿಂದ, ಇನ್ನೂ ಇಳಿಯದ ತಸ್ಸಾದಿತ್‌ಳ ಧ್ವನಿ ಬಂತು.

"ಅವಳು ಬರಲ್ಲ. ನೀನೇ ಹಾಕು."